ಐವತ್ತನಾಲ್ಕರ ಹಾವು

ಎಲ್ಲ ತಾಪತ್ರಯಕ್ಕೂ ಮೂಲ ಹೆಬ್ಬೆರಳುಗುರಿನಷ್ಟಗಲದ ಒಂದು ಮರದ ದಾಳ. ಮಾಡಿದವನು ಬಡಗಿ, ಮಾಡಿಸಿದ್ದು ಅತ್ತೆಯ ಮೇಲಿನ ಭಯ.

ಎಂಟು ತಿಂಗಳ ಹಿಂದೆ ಇದೇ ಮನೆಯಲ್ಲಿ ಹಾವು ಏಣಿ ಆಟದಲ್ಲಿ ಸೋತ ಅತ್ತೆ, ಸೊಂಟದ ಮೇಲೆ ಕೈಯಿಟ್ಟು ಎದ್ದು ಹೋದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಈ ಭಾನುವಾರ ಸಂಜೆ ಎಲ್ಲರೂ ಕೂತು ಆಡೋಣವೆಂದು ಹೆಂಡತಿ ಕಾಡಿ ಬೇಡಿ ಕರೆಸಿದ್ದಳು.

“ರೀ, ಇವತ್ತು ಅಮ್ಮ ಗೆಲ್ಲಬೇಕು. ಇನ್ನೊಂದ್ಸಲ ಮುನಿಸಿಕೊಂಡು ಹೋದ್ರೆ ನಂಗೆ ತವರಿನ ಬಾಗಿಲು ಮುಚ್ಚಿದ ಹಾಗೇನೇ. ಆ ಕುರ್ಚಿನೂ ಒಂಚೂರು ನೋಡ್ರೀ.”

“ನೋಡಿದ್ರಾಯ್ತು ಬಿಡೇ.”

ಊರ ಕುರ್ಚಿಗಳನ್ನೆಲ್ಲ ನೆಟ್ಟಗೆ ನಿಲ್ಲಿಸುವ ಬಡಗಿಯ ಸ್ವಂತ ಮನೆಯಲ್ಲಿ ಕುರ್ಚಿಯ ಒಂದು ಕಾಲು ಬೆರಳಗಲ ಗಿಡ್ಡ. ಮಡಿಸಿದ ಹಳೇ ಪತ್ರಿಕೆಯೇ ಅದಕ್ಕೆ ಆಸರೆ. ಅವನು ಅದರ ಗೋಜಿಗೆ ಹೋಗದೆ ದಾಳ ಹಿಡಿದು ಕೂತ. ಒಂದರ ಮುಖದಲ್ಲಿ ತೂತು ಕೊರೆದು, ಮೊಳೆಯ ತಲೆ ಹುದುಗಿಸಿ, ಮರದ ಪುಡಿಗೆ ಅಂಟು ಕಲಸಿ ಮುಚ್ಚಿ, ನುಣ್ಣಗೆ ಉಜ್ಜಿದ. ಹತ್ತು ಸಲ ಎಸೆದ. ಹತ್ತು ಸಲವೂ ಆರು. ಅತ್ತೆ ತೊಂಬತ್ತಾರಕ್ಕೆ ಬಂದ ಮೇಲೆ ಸಾದಾ ದಾಳ ಕೊಟ್ಟರಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಸಂಜೆ ಅತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಪಕ್ಕದ ಮನೆಯ ದರ್ಜಿ ಯಾರೂ ಕರೆಯದಿದ್ದರೂ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದು, ಕಾಯಿಗಳಾಗಲಿ ಎಂದು ನಾಲ್ಕು ಬಣ್ಣದ ಗುಂಡಿಗಳನ್ನು ಹಲಗೆಯ ಮೇಲಿಟ್ಟ.

“ದೊಡ್ಡೋರು ಮೊದಲು,” ಎಂದು ಬಡಗಿ ದಾಳ ಕೊಟ್ಟ.

“ಆರು!”

“ಆರು ಬಿದ್ರೆ ಇನ್ನೊಂದ್ಸಲ ಎಸೀಬೇಕು ಅಮ್ಮಾ,” ಎಂದಳು ಹೆಂಡತಿ.

ಮತ್ತೆ ಆರು. ಮತ್ತೂ ಆರು. ಕೆಂಪು ಗುಂಡಿ ಕುಣಿಯುತ್ತ ಐವತ್ತನಾಲ್ಕಕ್ಕೆ ಬಂತು. ಅಲ್ಲೊಂದು ಹಾವು ಬಾಯಿ ತೆರೆದು ಕಾದಿತ್ತು. ಆ ಹಲಗೆಯ ಮೇಲೆ ಹಾವು ಬರೆದವನು ಬಡಗಿಯೇ. ದಾಳವನ್ನು ಹತ್ತು ಸಲ ಪರೀಕ್ಷಿಸಿದವನು ಹಲಗೆಯ ಮೇಲೆ ಆರಾರಾಗಿ ಎಣಿಸಿ ನೋಡಿರಲಿಲ್ಲ. ಗುಂಡಿ ಜಾರಿ ಹದಿನೆಂಟಕ್ಕೆ ಬಿತ್ತು.

“ದಾಳ ಇತ್ತ ಕೊಡಿ ಅತ್ತೆ, ಒರೆಸಿ ಕೊಡ್ತೀನಿ,” ಎಂದು ಬಡಗಿ ಕೈ ಚಾಚಿದ.

“ಬೇಡ ಅಳಿಯಂದಿರೇ, ನನ್ನ ಕೈಗೆ ಚೆನ್ನಾಗಿ ಹೊಂದಿಕೊಂಡಿದೆ.”

ಹದಿನೆಂಟರಿಂದ ಆರಾರು ಹೆಜ್ಜೆಯಿಟ್ಟರೆ ಮತ್ತೆ ಐವತ್ತನಾಲ್ಕೇ. ಕೆಂಪು ಗುಂಡಿ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಮೂರನೇ ಸಲ ಹಾವು ಕಚ್ಚಿದಾಗ ದರ್ಜಿ ಆಕಳಿಸಿದ.

“ಅಣ್ಣಾ, ಹೋಗಿ ಒಂದು ಅಂಗಿ ಹೊಲಿದು ಬರ್ತೀನಿ. ನನ್ನ ಸರದಿ ಬಂದ್ರೆ ಕೂಗು.”

ನಾಲ್ಕನೇ ಸಲಕ್ಕೆ ಅತ್ತೆ ಎಸೆಯಲಿಲ್ಲ. ದಾಳವನ್ನು ಅಂಗೈಯಲ್ಲಿಟ್ಟು ತೂಗಿದರು. “ಇದಕ್ಕೆ ಒಂದು ಕಡೆ ಹೊಟ್ಟೆ ಭಾರವಲ್ಲವೇ ಅಳಿಯಂದಿರೇ?” ಎನ್ನುತ್ತ ಸೊಂಟದ ಮೇಲೆ ಕೈಯಿಟ್ಟು ಎದ್ದರು. ಅದೇ ಕೈ, ಅದೇ ಸೊಂಟ. ಹೆಂಡತಿಯ ಮುಖ ಬಿಳಿಚಿಕೊಂಡಿತು.

ಬಡಗಿ ತೊದಲಿದ. “ತಪ್ಪಾಯ್ತು ಅತ್ತೆ. ಹೋದ ಸಲ ಸೋತು ಸಿಟ್ಟಾಗಿ ಹೋದ್ರಲ್ಲ, ಅದಕ್ಕೇ...”

“ಸೋತಿದ್ದಕ್ಕೆ ಸಿಟ್ಟೇ?” ಅತ್ತೆ ನಕ್ಕುಬಿಟ್ಟರು. “ನಿಮ್ಮ ಮಾವನ ಎದುರು ಮೂವತ್ತು ವರ್ಷ ಸೋತವಳು ನಾನು! ಈ ಕುರ್ಚಿ ತೂಗಿ ತೂಗಿ ಸೊಂಟ ಹಿಡ್ಕೊಂಡಿತ್ತು. ಅಳಿಯ ಬಡಗಿ, ಅವರ ಮನೆ ಕುರ್ಚಿಯಿಂದ ಸೊಂಟ ಹೋಯ್ತು ಅಂತ ಯಾರ ಹತ್ರ ಹೇಳ್ಕೊಳ್ಲಿ? ಮರ್ಯಾದೆ ಹೋಗೋದು ನಿಮ್ಮದೇ ಅಲ್ವೇ?”

ಹೆಂಡತಿ ಅಳುತ್ತಲೇ ನಕ್ಕಳು. ಬಡಗಿ ಎಂಟು ತಿಂಗಳಿಂದ ಹಿಡಿದಿಟ್ಟ ಉಸಿರು ಬಿಟ್ಟ.

ಅತ್ತೆ ದಾಳವನ್ನು, ಹೋಗುತ್ತೇನೆಂದು ಎದ್ದು ಬಾಗಿಲಲ್ಲೇ ನಿಂತಿದ್ದ ದರ್ಜಿಗೆ ಕೊಟ್ಟು ಕುರ್ಚಿಯ ಕಾಲು ತೋರಿಸಿದರು. ಅವನು ಪತ್ರಿಕೆ ಕಿತ್ತು ದಾಳವನ್ನು ತುರುಕಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅತ್ತೆ ಹಿಂದಕ್ಕೂ ಮುಂದಕ್ಕೂ ವಾಲಿ ನೋಡಿದರು. ಕುರ್ಚಿ ಅಲುಗಲಿಲ್ಲ.

“ನಿಮ್ಮ ದಾಳದ ಕೆಲಸ ಈಗ ಸಾರ್ಥಕವಾಯ್ತು ಅಳಿಯಂದಿರೇ. ಸಾದಾ ದಾಳ ತನ್ನಿ, ಮೊದಲಿಂದ ಆಡೋಣ.”

ಆಡಿದರು. ಅತ್ತೆ ನ್ಯಾಯವಾಗಿಯೇ ಗೆದ್ದರು. ಬಡಗಿಯ ನೀಲಿ ಗುಂಡಿ ಮಾತ್ರ ಐವತ್ತನಾಲ್ಕರ ಹಾವಿಗೆ ಎರಡು ಸಲ ತುತ್ತಾಯಿತು.

“ಇನ್ನೂ ಮೂರು ಕುರ್ಚಿ ಅಲುಗುತ್ತವಂತೆ, ಮಗಳು ಹೇಳಿದಳು,” ಎಂದರು ಅತ್ತೆ, ಗೆದ್ದ ಗುಂಡಿಯನ್ನು ಒರೆಸುತ್ತ. “ಅವು ನೆಟ್ಟಗಾಗೋ ತನಕ ನಾನು ಇಲ್ಲೇ ಇರ್ತೀನಿ ಅಳಿಯಂದಿರೇ. ದಿನಾ ಸಂಜೆ ಒಂದಾಟ.”