ಹೊಲಿಗೆ ಯಂತ್ರದ ಮೇಲೆ ಹುಟ್ಟಿದ ಕಲ್ಲು

ಸರ್ಕಾರಿ ಗೋಡೆಯ ಕಲ್ಲು ಏಕಕಾಲಕ್ಕೆ ಎರಡು ಕಡೆ ಇರತಕ್ಕದ್ದಲ್ಲ. ಗೋಡೆ ಇಲಾಖೆಯ ನಿಯಮಾವಳಿಯಲ್ಲಿ ಇದೇ ಮೊದಲನೆಯ ನಿಯಮ. ಗಡಿಯಾರ ರಿಪೇರಿಯವರು ತಮ್ಮ ಮನೆಯ ಮುಂಗೋಡೆಗೆ ಕೈಹಾಕುವವರೆಗೆ ಇದರ ಬಗ್ಗೆ ಯಾರದೂ ತಕರಾರಿರಲಿಲ್ಲ.

ಆ ಮುಂಗೋಡೆಯ ಗಾರೆ ಉದುರಿ ವರ್ಷಗಳಾಗಿದ್ದವು. ಕಲ್ಲು ಹಾಕಿಸುತ್ತೇನೆಂದು ಅವರು ಮದುವೆಯ ಹೊಸದರಲ್ಲಿ ಹೆಂಡತಿಗೆ ಮಾತು ಕೊಟ್ಟಿದ್ದರು. ಹಿಡಿದ ಕೆಲಸ ಮುಗಿಸಿದವರೆಂಬ ಹೆಸರು ಅವರಿಗಿರಲಿಲ್ಲ. ಅವರ ಮನೆಯ ಗಡಿಯಾರವೇ ನಿಂತು ಯಾವ ಕಾಲವಾಗಿತ್ತೋ. ಹೆಂಡತಿ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರು. ಈ ಸಲ ಮಾತ್ರ ರಿಪೇರಿಯವರು ಹಟ ಹಿಡಿದರು. ನಿಜವಾದ ಕಲ್ಲು ಕೈಗೆಟುಕದಿದ್ದರೇನು, ಸಿಮೆಂಟಿನಲ್ಲಿ ಕಲ್ಲಿನಂಥ ತೆಳು ಬಿಲ್ಲೆಗಳನ್ನು ಮನೆಯಲ್ಲೇ ಎರಕ ಹೊಯ್ದು ಅಂಟಿಸುವುದೆಂದು ತೀರ್ಮಾನಿಸಿದರು.

ಎರಕಕ್ಕೆ ಅಚ್ಚು ಬೇಕು. ಊರಿನಲ್ಲಿ ನೋಡುವಂಥ ಕಲ್ಲುಗೋಡೆ ಇದ್ದದ್ದು ಗೋಡೆ ಇಲಾಖೆಯ ಕಚೇರಿಗೆ ಮಾತ್ರ. ರಜೆಯ ದಿನ ಅಲ್ಲಿಗೆ ಹೋಗಿ, ಕೆಲವು ಕಲ್ಲುಗಳಿಗೆ ರಬ್ಬರಿನ ಅಂಟು ದಪ್ಪಗೆ ಬಳಿದು, ಒಣಗಿದ ಮೇಲೆ ಸಿಪ್ಪೆಯಂತೆ ಸುಲಿದುಕೊಂಡು ಬಂದರು. ಕಾವಲುಗಾರ ಇದನ್ನು ಕಣ್ಣಾರೆ ನೋಡಿದ. ಗೋಡೆ ತೊಳೆಯುವ ಗುತ್ತಿಗೆ ಇರಬೇಕೆಂದುಕೊಂಡು ಏಣಿಯನ್ನೂ ಹಿಡಿದುಕೊಂಡ.

ಅಚ್ಚಿಗೆ ಎಣ್ಣೆ ಸವರಿ, ಜರಡಿ ಹಿಡಿದ ಮರಳು, ಸಿಮೆಂಟು, ಬಣ್ಣದ ಪುಡಿ ಕಲಸಿ ಸುರಿದರು. ಮೊದಲ ಬಿಲ್ಲೆಗೆ ಮೈತುಂಬ ಗುಳ್ಳೆ. ಅಚ್ಚನ್ನು ಅಲುಗಾಡಿಸಿದರೆ ಒಳಗಿನ ಗಾಳಿ ಮೇಲೆ ಬರುತ್ತದೆ, ನಿಜ. ಆದರೆ ಎಷ್ಟು ಹೊತ್ತು ಅಂತ ಅಲುಗಾಡಿಸುತ್ತಾ ಕೂರುವುದು? ಅಚ್ಚುಗಳನ್ನು ತಂದು ಹೆಂಡತಿಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಸಾಲಾಗಿ ಇಟ್ಟರು. ಆಕೆ ಪಕ್ಕದ ಮನೆಯವರ ಕಿಟಕಿ ಪರದೆಗಳನ್ನು ಹೊಲಿದು ಮುಗಿಸುವಷ್ಟರಲ್ಲಿ ಗುಳ್ಳೆಗಳೆಲ್ಲ ಮೇಲೆ ಬಂದು ಒಡೆದುಹೋದವು. ಬಿಲ್ಲೆಗಳು ಒದ್ದೆ ಗೋಣಿಯ ಕೆಳಗೆ ಗಟ್ಟಿಯಾದವು, ಗೋಡೆಗೂ ಏರಿದವು. ಹೆಂಡತಿ ಬೀದಿಯ ಆಚೆ ಬದಿಗೆ ಹೋಗಿ ನಿಂತು ನೋಡಿ ಬಂದರು. "ರೀ, ನಿಜವಾಗ್ಲೂ ಮುಗಿಸಿಬಿಟ್ರಲ್ಲ" ಎಂದರು. ರಿಪೇರಿಯವರಿಗೆ ಅಂದು ಆದಷ್ಟು ಸಂತೋಷ ಬದುಕಿನಲ್ಲಿ ಎಂದೂ ಆಗಿರಲಿಲ್ಲ.

ಇಲಾಖೆಯ ಸಾಹೇಬರು ಒಂದು ದಿನ ಆ ಬೀದಿಯಲ್ಲಿ ಹಾದುಹೋಗುವಾಗ, ರಿಪೇರಿಯವರ ಗೋಡೆಯಲ್ಲಿ ತಮ್ಮ ಕಚೇರಿಯ ಬಾಗಿಲ ಪಕ್ಕದ ಮೂಲೆ ಮುಕ್ಕಾದ ಕಲ್ಲನ್ನು ಗುರುತು ಹಿಡಿದರು. ಸಂಜೆಯೊಳಗೆ ನೋಟೀಸು ಬಂತು: "ಸರ್ಕಾರಿ ಕಲ್ಲುಗಳು ತಮ್ಮ ಗೋಡೆಯ ಮೇಲೆ ವಾಸವಾಗಿರುವುದು ಕಂಡುಬಂದಿರುತ್ತದೆ. ಕಳವು ಸಾಬೀತಾದಲ್ಲಿ ಗೋಡೆಯನ್ನು ಕೆಡವಿ ತಮ್ಮನ್ನು ಜೈಲಿಗೆ ಕಳುಹಿಸತಕ್ಕದ್ದು. ದಯವಿಟ್ಟು ಸಹಕರಿಸಿ."

ರಿಪೇರಿಯವರು ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದರು. ನಿಮ್ಮ ಕಲ್ಲು ನಿಮ್ಮ ಗೋಡೆಯಲ್ಲೇ ಇದೆ, ಹೊರಗೆ ಬಂದು ನೋಡಿ ಎಂದು ಬೇಡಿಕೊಂಡರು. ಗೋಡೆ ನೋಡುವುದು ತಪಾಸಣಾ ವಿಭಾಗದ ಕೆಲಸವಾದ್ದರಿಂದ ಸಾಹೇಬರು ಕುರ್ಚಿ ಬಿಟ್ಟು ಏಳಲಿಲ್ಲ. ಕಚೇರಿಯ ಗೋಡೆಯಲ್ಲೂ ಕಲ್ಲಿದ್ದರೆ ಎರಡರಲ್ಲೊಂದು ನಕಲಿ ಎಂದಾಯಿತು. ಕಳ್ಳ ಅಸಲಿಯನ್ನು ಒಯ್ದು ನಕಲಿಯನ್ನು ಕೂರಿಸಿದ್ದಾನೆ ಎಂದು ಕೂತಲ್ಲೇ ಬಗೆಹರಿಸಿದರು.

"ಅದು ನಾನೇ ಮನೇಲಿ ಮಾಡಿದ್ದು ಸಾರ್. ಬೇಕಾದ್ರೆ ನಿಮ್ಮ ಮುಂದೇನೇ ಒಂದು ಮಾಡಿ ತೋರಿಸ್ತೀನಿ."

"ಬೇಡಪ್ಪಾ. ಕದ್ರೆ ಆರು ತಿಂಗಳು. ಸರ್ಕಾರಿ ಕಲ್ಲನ್ನ ಮನೇಲಿ ಮಾಡಿದ್ರೆ ಆರು ವರ್ಷ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಸಾಹೇಬರು ಮೂಲತಃ ಕರುಣಾಳು.

ಕಲ್ಲುತಜ್ಞರು ಬಂದರು. ಎರಡೂ ಗೋಡೆಗಳನ್ನು ತಟ್ಟಿದರು, ಮೂಸಿದರು, ಒಂದೊಂದು ಕಲ್ಲು ಕಿತ್ತೂ ನೋಡಿದರು. ಕಚೇರಿಯ ಕಲ್ಲಿಗೆ ಪಾಚಿ ಹಿಡಿದಿತ್ತು, ಬಣ್ಣ ಅಲ್ಲಲ್ಲಿ ಬೇರೆಬೇರೆಯಿತ್ತು, ಬೆನ್ನು ಉಬ್ಬುತಗ್ಗಾಗಿತ್ತು. ಮನೆಯ ಕಲ್ಲಿಗೆ ಒಂದೇ ಬಣ್ಣ, ಮಟ್ಟಸವಾದ ಬೆನ್ನು. ಸರ್ಕಾರಿ ಕಲ್ಲು ಹೇಗಿರಬೇಕೆಂದು ನಿಯಮ ಹೇಳುತ್ತದೋ ಥೇಟ್ ಹಾಗೆ. ಒಂದು ಗುಳ್ಳೆಯೂ ಇಲ್ಲದ್ದು ಹೇಗೆಂದು ಕೇಳಿದಾಗ ಹೆಂಡತಿ ಹೊಲಿಗೆ ಯಂತ್ರ ತುಳಿದು ತೋರಿಸಿದರು. "ಕಲ್ಲನ್ನು ಹೊಲಿಯಲಾಗಿದೆ ಎಂಬ ವಾದವನ್ನು ತಳ್ಳಿಹಾಕಲಾಗಿದೆ" ಎಂದು ತಜ್ಞರು ಬರೆದುಕೊಂಡರು. ಮನೆಯದೇ ಅಸಲಿ ಎಂದು ತೀರ್ಪಾಯಿತು.

ಸರ್ಕಾರಕ್ಕೆ ಅನ್ಯರ ಸ್ವತ್ತು ಬೇಡ. ಆದ್ದರಿಂದ ಸಿಮೆಂಟಿನ ಬಿಲ್ಲೆಗಳು ಕಚೇರಿಗೂ, ಕಚೇರಿಯ ಕಲ್ಲುಗಳು ರಿಪೇರಿಯವರ ಮನೆಗೂ ಹೋಗುವುದೆಂದು ಆದೇಶವಾಯಿತು. ಕಳವಿನ ಮಾಲನ್ನು ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಕ್ಕೆ ಜೈಲು ಮನ್ನಾ. ರಿಪೇರಿಯವರು ಒಂದು ಹೇಳಿಕೆಗೆ ಸಹಿ ಹಾಕಿದರೆ ಸಾಕು: ಆ ಕಲ್ಲುಗಳನ್ನು ತಾನು ಮಾಡಿಲ್ಲ.

ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಜೈಲಿಗಿಂತ ಈ ಸಹಿಯೇ ಅವರಿಗೆ ಭಾರವಾಯಿತು. ಮುಗಿಸಿದ್ದೇ ಒಂದು ಕೆಲಸ, ಅದೂ ತನ್ನದಲ್ಲ ಅನ್ನಬೇಕು.

"ಹಾಕಿಬಿಡಿ. ನೀವೇ ಮಾಡಿದ್ದು ಅಂತ ನಂಗೊತ್ತಲ್ಲ, ಅಷ್ಟು ಸಾಲದಾ?" ಎಂದರು ಹೆಂಡತಿ. ಅವರು ಸಹಿ ಹಾಕಿದರು.

ಇಲಾಖೆಯ ಆಳುಗಳು ಲಾರಿಯಲ್ಲಿ ಬಂದು ಕಚೇರಿಯ ನಿಜವಾದ ಕಲ್ಲುಗಳನ್ನು ಮನೆಗೆ ಕೂರಿಸಿ, ಪಕ್ಕದಲ್ಲಿ "ನಕಲಿ" ಎಂದು ಫಲಕ ಹೊಡೆದು ಹೋದರು. ನೆಂಟರು ಬಂದು ನೋಡಿ, ಮನೆಯಲ್ಲಿ ಮಾಡಿದ್ದಕ್ಕೆ ಪರವಾಗಿಲ್ಲ, ಆದರೆ ಬಣ್ಣ ಇನ್ನೂ ಸ್ವಲ್ಪ ಕೂಡಬೇಕಿತ್ತು ಎಂದರು. ರಿಪೇರಿಯವರು ಮೊದಮೊದಲು ಸಿಡಿಮಿಡಿಗೊಂಡರು. ಆಮೇಲೆ ಮರಳಿನ ದೋಷ ಎನ್ನತೊಡಗಿದರು.

ಒಂದು ಭಾನುವಾರ ಗಂಡ ಹೆಂಡತಿ ಕಚೇರಿಯ ಗೋಡೆ ನೋಡಲು ಹೋದರು. ಸುತ್ತ ಹಗ್ಗ ಕಟ್ಟಿತ್ತು. ರಿಪೇರಿಯವರು ತಮ್ಮ ಬಿಲ್ಲೆಯ ಮೇಲೆ ಕೈಯಾಡಿಸಲು ಹೋದಾಗ ಕಾವಲುಗಾರ ಅಡ್ಡ ಬಂದ.

"ಮುಟ್ಟಬೇಡಿ ಯಜಮಾನ್ರೇ. ಅಸಲಿ ಕಲ್ಲು. ಇಂಥದ್ದು ಮನುಷ್ಯರ ಕೈಲಿ ಮಾಡೋಕಾಗಲ್ಲ."

ರಿಪೇರಿಯವರು ಕೈ ಹಿಂದಕ್ಕೆ ತೆಗೆದುಕೊಂಡು, ಮೂಲೆ ಮುಕ್ಕಾದ ಆ ಕಲ್ಲನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖದಲ್ಲಿ ಭಕ್ತಿಯೇ ಮೂಡಿತು.

"ಹೌದು ಕಣೇ. ಇಂಥದ್ದು ನಮ್ಮಿಂದ ಆಗೋ ಮಾತಲ್ಲ" ಎಂದರು.

ಹೆಂಡತಿಯೂ ಹೌದೆಂದರು.