ಅವ್ವನ ಐವತ್ತೊಂಬತ್ತು ಟಿಕ್‌ಗಳು

ನನಗೆ ಎಣಿಸುವ ಚಟವಿದೆ. ಇಪ್ಪತ್ತಾರು ತುಂಬಿದರೂ ಬಿಟ್ಟಿಲ್ಲ. ಇಂಡಿ ಊರಿನ ನಮ್ಮ ಮನೆಯಲ್ಲಿ ಸಿಲಿಂಡರ್ ಯಾವತ್ತು ಹಚ್ಚಿದೆವು, ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬಂತು, ಸಕ್ಕರೆ ಬಿಡುತ್ತೇನೆಂದು ಅಪ್ಪ ಎಷ್ಟು ಸಲ ಆಣೆ ಮಾಡಿದ, ಎಲ್ಲಕ್ಕೂ ನನ್ನ ಡೈರಿಯಲ್ಲಿ ತಾರೀಖು ಇದೆ. ಇದರಿಂದ ಇದುವರೆಗೆ ಯಾರಿಗೂ ಉಪಕಾರವಾಗಿಲ್ಲ. ಅಪ್ಪನಂತೂ ನನ್ನನ್ನು ಕಂಡರೆ ಚಹಾದ ಕಪ್ಪು ಮರೆಮಾಡುತ್ತಾನೆ. ಅಪಕಾರವೂ ಆಗಿರಲಿಲ್ಲ, ಅವ್ವನ ವಿಷಯಕ್ಕೆ ಬರುವವರೆಗೆ.

ಅವ್ವನಿಗೆ ನಲವತ್ನಾಲ್ಕು. ಎರಡು ವರ್ಷದಿಂದ ಮುಟ್ಟು ಬಂದರೆ ಹತ್ತು-ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ರಂಜಾನಿನಲ್ಲಿ ಹನ್ನೆರಡು ರೋಜಾ ತಪ್ಪಿದವು. ಅವನ್ನು ಆಮೇಲೆ ಹಿಡಿಯಲು ಹೋಗಿ, ಅಪ್ಪ ಮಾರಾಟಕ್ಕೆ ತಂದಿಟ್ಟ ಲಿಂಬೆಹಣ್ಣಿನ ಚೀಲಗಳ ನಡುವೆ ತಲೆ ತಿರುಗಿ ಕುಸಿದಳು. ಪರೀಕ್ಷೆ ಮಾಡಿದರೆ ರಕ್ತ ಏಳು ಪಾಯಿಂಟ್, ಗರ್ಭಕೋಶದ ಗೋಡೆಯಲ್ಲಿ ಎರಡು ಗಡ್ಡೆ. ಕೆಟ್ಟ ಗಡ್ಡೆಯಲ್ಲ ಎಂದರು ನಮ್ಮೂರಿನ ಲೇಡಿ ಡಾಕ್ಟರ್, ಎಲ್ಲರೂ ಕರೆಯುವಂತೆ ಡಾಕ್ಟರ್ ಬಾಯಿ. ಹಾರ್ಮೋನು ಸ್ವಲ್ಪಸ್ವಲ್ಪವೇ ಬಿಡುವ ಚಿಕ್ಕ ಸಾಧನವೊಂದನ್ನು ಒಳಗೆ ಕೂರಿಸಿದರೆ ಗಡ್ಡೆ ಮಾಯವಾಗದಿದ್ದರೂ ರಕ್ತ ಹೋಗುವುದು ಕಡಿಮೆಯಾಗುತ್ತದೆ, ಮೊದಲ ಮೂರರಿಂದ ಆರು ತಿಂಗಳು ಆಗಾಗ ಕಲೆ ಕಾಣಬಹುದು, ತಾಳ್ಮೆ ಬೇಕು ಎಂದೂ ಹೇಳಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಮಕ್ಕಳು ಸಾಕು ಅನ್ನೋರು ಹಾಕಿಸ್ಕೊಳ್ಳೋದಲ್ರಿ ಅದು? ಮಗಳ ಲಗ್ನಾ ಮಾಡೋ ವಯಸ್ಸಿನ್ಯಾಗ ಮಂದಿ ಏನಂತಾರ್ರಿ?" ಎಂದಳು. ಹಾಕಿಸಿಕೊಂಡಳು.

ಸಿಂದಗಿಯಲ್ಲಿರುವ ಸಣ್ಣವ್ವನಿಗೆ ಇದು ಹಿಡಿಸಲಿಲ್ಲ. ಅವಳು ಮೂವತ್ತೆರಡಕ್ಕೇ ಗರ್ಭಚೀಲ ತೆಗೆಸಿದವಳು. ಅಂದಿನಿಂದ ಯಾರಿಗೆ ಹೊಟ್ಟೆ ನೋವು ಬಂದರೂ ಅದೇ ಔಷಧಿ. "ಚೀಲಾನ ಇಲ್ಲಂದ್ರ ತಕರಾರು ಎಲ್ಲೈತಿ ಅಕ್ಕಾ?" ತಲೆನೋವು ಬಂದವರಿಗೆ ಏನು ತೆಗೆಸಲು ಹೇಳುತ್ತಾಳೋ ಎಂಬ ಹೆದರಿಕೆ ನನಗಿದೆ. ಆಪರೇಷನ್ ಆದಾಗಿನಿಂದ ತಾನು ಚಳಿಗಾಲದಲ್ಲೂ ಬೆವರಿ ಫ್ಯಾನಿನ ಕೆಳಗೆ ಮಲಗುವುದನ್ನು ಮಾತ್ರ ಅವಳು ಹೇಳುವುದಿಲ್ಲ. ಕೊನೆಗೆ ಮೂರು ತಿಂಗಳ ಗಡುವಿಗೆ ಒಪ್ಪಂದವಾಯಿತು. ಗುಣ ಕಾಣದಿದ್ದರೆ ಆಪರೇಷನ್. ತೀರ್ಪಿಗೆ ನನ್ನ ಡೈರಿ.

ದಿನಾ ಬೆಳಿಗ್ಗೆ ಪಂಚಾಯಿತಿ ಆಫೀಸಿಗೆ ಹೊರಡುವ ಮುಂಚೆ ಕೇಳುತ್ತಿದ್ದೆ: ಐತೋ, ಇಲ್ಲೋ? ಐತಿ ಅಂದರೆ ಟಿಕ್. ತೊಂಬತ್ತು ದಿನಕ್ಕೆ ಐವತ್ತೊಂಬತ್ತು ಟಿಕ್ ಬಿದ್ದವು. ಸಾಧನ ಹಾಕಿಸುವ ಹಿಂದಿನ ಮೂರು ತಿಂಗಳು ಅವ್ವ ಹೇಳಿದಂತೆ ಕೂಡಿಸಿದರೆ ಮೂವತ್ತು. ಮೂರು ಸಲ ಕೂಡಿಸಿ ನೋಡಿದೆ. ಲೆಕ್ಕ ತಪ್ಪಿರಲಿಲ್ಲ.

ಸಣ್ಣವ್ವ ಫೋನಿನಲ್ಲೇ ಗುರುವಾರಕ್ಕೆ ಸಿಂದಗಿಯಲ್ಲಿ ಆಪರೇಷನ್ ಗೊತ್ತು ಮಾಡಿದಳು. ಅವ್ವ ಎರಡು ಸೀರೆ ಮಡಚಿ ಚೀಲಕ್ಕಿಟ್ಟಳು. ರಾತ್ರಿ ಚೀಲ ಬಿಚ್ಚಿ ಮತ್ತೆ ಮಡಚಿದಳು. ಸೂಜಿಗೇ ಕಣ್ಣು ಮುಚ್ಚುವ ಹೆಂಗಸು ಆಕೆ. ಕೊಯ್ಯುವ ಮುಂಚೆ ಇಲ್ಲಿಯ ಡಾಕ್ಟರಿಗೆ ಒಮ್ಮೆ ತೋರಿಸಿ ಎಂದ ಅಪ್ಪ. ಬುಧವಾರ ಹೋದೆವು.

ಡಾಕ್ಟರ್ ಬಾಯಿ ನನ್ನ ಗೆರೆಗಳ ಅಂದವನ್ನು ಹೊಗಳಿದರು. ನನಗೆ ಹೆಮ್ಮೆಯಾಯಿತು. ಆಮೇಲೆ ಕೇಳಿದರು: "ಎಷ್ಟು ದಿನಾ ಅಂತ ಎಣಿಸೀರಿ. ಎಷ್ಟು ಹೋಗ್ತಿತ್ತು ಅನ್ನೋದು ಎಲ್ಲೈತ್ರಿ?"

ಅದಕ್ಕೆ ಕಾಲಮ್ಮೇ ಇರಲಿಲ್ಲ. ನನ್ನ ಟಿಕ್‌ಗೆ ಹನಿಯೂ ಒಂದೇ, ಕೊಡವೂ ಒಂದೇ.

ಅವ್ವ ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದಳು: "ಮೊದಲು ತಾಸಿಗೊಂದು ಪ್ಯಾಡ್ ಬೇಕಾಗ್ತಿತ್ರಿ. ಈಗ ದಿನಕ್ಕೊಂದು. ಅದ್ರಾಗೂ ಬರೇ ಕಲೆ."

ಅಲ್ಲೇ ರಕ್ತ ತೆಗೆದರು. ವರದಿ ಬರುವವರೆಗಿನ ಅರ್ಧ ತಾಸು ನಾನು ಏನನ್ನೂ ಎಣಿಸಲಿಲ್ಲ. ಹತ್ತು ಪಾಯಿಂಟ್. ಆಪರೇಷನ್ ಸದ್ಯ ಬೇಡ, ಕಬ್ಬಿಣದ ಗುಳಿಗೆ ಬಿಡಬೇಡಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು.

ಹೊರಗೆ ಬಂದು, ಮೊದಲೇ ಯಾಕೆ ಹೇಳಲಿಲ್ಲ ಎಂದು ಅವ್ವನ ಮೇಲೆ ಹರಿಹಾಯ್ದೆ.

"ಐತೋ ಇಲ್ಲೋ, ಅಷ್ಟ ಕೇಳ್ತಿದ್ದಿ. ಮುಂದ ಹೇಳಾಕ ಬಾಯಿ ತಗದ್ರ ಪುಸ್ತಕಾ ಮುಚ್ಚಿ ಹೋಗ್ತಿದ್ದಿ," ಎಂದಳು. ಅಷ್ಟು ಹೇಳಿ, ಗುರುವಾರ ಬರುವುದಿಲ್ಲವೆಂದು ತಂಗಿಗೆ ತಾನೇ ಫೋನ್ ಹಚ್ಚಿದಳು.

ಮರುದಿನ ಬೆಳಿಗ್ಗೆ ಡೈರಿ ತೆಗೆಯದೆ ಅವ್ವನ ಎದುರು ಕುಳಿತು, ಹೆಂಗೈತಿ ಎಂದಷ್ಟೇ ಕೇಳಿದೆ. ಮಾತು ಹೊಟ್ಟೆಯಿಂದ ಮೊಣಕಾಲಿಗೆ, ಅಲ್ಲಿಂದ ಸಿಂದಗಿಗೆ, ಸಿಂದಗಿಯಿಂದ ನನ್ನ ಲಗ್ನಕ್ಕೆ ಬಂತು. ನನ್ನ ಬಸ್ಸು ತಪ್ಪಿತು. ಅವ್ವ ಎಷ್ಟು ಹೊತ್ತು ಮಾತಾಡಿದಳೋ ನಾನು ಗಡಿಯಾರ ನೋಡಲಿಲ್ಲ ಎಂದು ಇಲ್ಲಿ ಬರೆಯುವ ಆಸೆಯಿತ್ತು. ನೋಡಿದ್ದೆ. ಹದಿನೆಂಟು ನಿಮಿಷ.