ಐದು ಗಂಟೆ ಪಾಠಕ್ಕೆ ವೈಫೈ

ಲೈನ್‌ಮನ್: ಬಾಯಲ್ಲಿ ಹೇಳಿದ್ದು ದೂರಲ್ಲ ಕಣೇ, ಜಗಳ. ದೂರು ಅಂದ್ರೆ ಬರೆದು ಕೊಡ್ಬೇಕು.

ಟೈಲರಮ್ಮ: ಬೆಳಗ್ಗೆಯಿಂದ ಬಡ್ಕೋತಾ ಇದೀನಿ, ಕಂಪ್ಯೂಟರಿಗೆ ವೈಫೈ ಬರ್ತಿಲ್ಲ ಅಂತ. ಕಟ್ಟಿಕೊಂಡ ಹೆಂಡ್ತಿ ಅರ್ಜಿ ಬರೀಬೇಕಾ?

ಲೈನ್‌ಮನ್: ಮೂವತ್ನಾಲ್ಕು ವರ್ಷದಲ್ಲಿ ಬರೆದ ದೂರಿಲ್ಲದೆ ಒಂದು ತಂತಿ ಮುಟ್ಟಿದವನಲ್ಲ ನಾನು.

ಟೆಲಿಫೋನ್ ಕಂಬ ಹತ್ತಿ ಇಳಿದೇ ನಿವೃತ್ತನಾದ ಮನುಷ್ಯ. ಕಂಬ ಬಿಟ್ಟರೂ ಗತ್ತು ಬಿಟ್ಟಿರಲಿಲ್ಲ. ಹೆಂಡತಿ ಟೈಲರಮ್ಮನಿಗೆ ಇವತ್ತು ಐದು ಗಂಟೆಗೆ ಮೊದಲ ಆನ್‌ಲೈನ್ ಪಾಠ: ಅಂಗಿಯ ಕಾಲರ್ ಹೊಲಿಯುವುದು. ಹನ್ನೊಂದು ಜನ ಹೆಸರು ಕೊಟ್ಟಿದ್ದರು. ಇವತ್ತಿನ ಪಾಠ ಅವರಿಗೆ ಒಪ್ಪಿಗೆಯಾದರೆ ಹೊಲಿಗೆ ಶಾಲೆಯವರು ಕೆಲಸ ಕೊಡುತ್ತಾರೆ, ಇಲ್ಲದಿದ್ದರೆ ಬೇರೆ ಟೀಚರು. ಗಡಿಯಾರ ಆಗಲೇ ನಾಲ್ಕೂ ನಲವತ್ತು ತೋರಿಸುತ್ತಿತ್ತು.

ಟೈಲರಮ್ಮ ಕತ್ತರಿಸಿ ಬಿಟ್ಟಿದ್ದ ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ಗಂಡನ ಮುಖಕ್ಕೆ ಹಿಡಿದಳು.

ಲೈನ್‌ಮನ್: (ಓದುತ್ತಾ) "ವೈಫೈ ಇಲ್ಲ. ಗಂಡ ಇದ್ದಾನೆ. ಪ್ರಯೋಜನವಿಲ್ಲ." ಇದೇನಿದು?

ಟೈಲರಮ್ಮ: ದೂರು. ಸಹಿ ಹಾಕ್ಲಾ?

ಲೈನ್‌ಮನ್: ಹೂಂ, ಇರ್ಲಿ ಬಿಡು.

ಅವನು ಮೇಜಿನ ಕೆಳಗೆ ನುಸುಳಿದ. ಹೊರಗೆ ಎರಡು ಪಾದ ಮಾತ್ರ ಉಳಿದವು.

ಲೈನ್‌ಮನ್: ಈ ಹೆಬ್ಬೆರಳಿನಷ್ಟು ಕಡ್ಡಿ ಯಾವುದೇ, ಹಿಂದುಗಡೆ ಚುಚ್ಚಿರೋದು?

ಟೈಲರಮ್ಮ: ಅದೇ ರೀ ವೈಫೈ ಹಿಡಿಯೋದು. ಈ ಕಂಪ್ಯೂಟರಿಗೆ ಹುಟ್ಟಾ ಅದು ಇಲ್ಲ ಅಂತ ಅಂಗಡಿಯವನು ಕೊಟ್ಟ.

ಲೈನ್‌ಮನ್: ತಂತಿಯೇ ಇಲ್ಲದ ಮೇಲೆ ಏನನ್ನ ಹಿಡಿಯುತ್ತೆ? ಗಾಳೀನಾ?

ಟೈಲರಮ್ಮ: ಹಿಡೀತಿದೆಯಲ್ಲ! ಪರದೆ ಮೇಲೆ ನೋಡಿ. ಪಕ್ಕದ ಮನೆ ಡಾಕ್ಟರದ್ದು ಬರ್ತಿದೆ, ಮೇಲಿನ ಮನೆಯವರದ್ದು ಬರ್ತಿದೆ, ಬೀದಿ ಕೊನೆಯ ಕ್ಷೌರದಂಗಡಿಯದ್ದೂ ಬರ್ತಿದೆ. ನಮ್ಮದೊಂದೇ ನಾಪತ್ತೆ.

ಲೈನ್‌ಮನ್: ಹಾಗಾದ್ರೆ ಕಡ್ಡಿ ಕೆಟ್ಟಿದೆ.

ಟೈಲರಮ್ಮ: ಊರವರದ್ದೆಲ್ಲ ಹಿಡಿಯೋ ಕಡ್ಡಿ ನಮ್ಮದಕ್ಕೆ ಮಾತ್ರ ಕೆಡುತ್ತಾ? ಮೊನ್ನೆ ಇಂಟರ್ನೆಟ್ ಹುಡುಗ ಗೋಡೆಗೆ ಹಾಕಿ ಹೋದ ಪೆಟ್ಟಿಗೆ, ಆ ದೀಪ ಮಿನುಗೋದು, ಅದು ಎಲ್ಲಿ?

ಪಾದಗಳು ಅಲುಗಾಡುವುದನ್ನು ನಿಲ್ಲಿಸಿದವು.

ಲೈನ್‌ಮನ್: ಭದ್ರವಾಗಿದೆ.

ಟೈಲರಮ್ಮ: ಭದ್ರವಾಗಿ ಎಲ್ಲಿ?

ಲೈನ್‌ಮನ್: ಅಲ್ಲೇ ಗೋಡೆ ಮೇಲೇ. ಧೂಳು, ಹಲ್ಲಿ, ಯಾರ್ಯಾರದೋ ಕೈ ಬೀಳಬಾರ್ದು ಅಂತ ಸುತ್ತ ಒಂದು ಡಬ್ಬಿ ಮಾಡ್ಸಿ ರಾತ್ರಿ ಕೂರಿಸ್ದೆ.

ಟೈಲರಮ್ಮ: ಯಾವುದ್ರಲ್ಲಿ?

ಲೈನ್‌ಮನ್: ದಪ್ಪ ಕಬ್ಬಿಣದ ತಗಡು. ಎರಡು ಕೋಟು ಬೂದು ಬಣ್ಣ. ಬೀಗಾನೂ ಇದೆ!

ಟೈಲರಮ್ಮ ಹಣೆ ಹಣೆ ಚಚ್ಚಿಕೊಂಡಳು.

ಟೈಲರಮ್ಮ: ಅಯ್ಯೋ ನನ್ನ ಕರ್ಮವೇ! ಕಬ್ಬಿಣದೊಳಗೆ ಕೂಡಿಹಾಕಿದ್ರೆ ಅದು ಹೊರಗೆ ಹೇಗ್ರೀ ಬರುತ್ತೆ?

ಲೈನ್‌ಮನ್: ಬೀದೀಲಿರೋ ಅಂಥದೇ ಟೆಲಿಫೋನ್ ಡಬ್ಬಿಯಿಂದ ಮೂವತ್ನಾಲ್ಕು ವರ್ಷ ಇಡೀ ಊರು ಮಾತಾಡಿದೆ, ತಿಳ್ಕೋ!

ಟೈಲರಮ್ಮ: ಅದಕ್ಕೆ ತಂತಿ ಇತ್ತಲ್ರೀ!

ಮೇಜಿನ ಕೆಳಗೆ ತಲೆ ಹಲಗೆಗೆ ಬಡಿದ ಸದ್ದು. ಲೈನ್‌ಮನ್ ತಲೆ ಸವರುತ್ತಾ ಹೊರಗೆ ಬಂದು, ಹೆಂಡತಿಯ ಮುಖ ನೋಡದೆ ಜೇಬಿನಿಂದ ಬೀಗದ ಕೈ ತೆಗೆದು ಪಡಸಾಲೆಗೆ ನಡೆದ. ಡಬ್ಬಿಯ ಬಾಗಿಲು ಕಿರ್ರೆಂದಿತು.

ಟೈಲರಮ್ಮ: ಬಂತು! ನಮ್ಮದು ಬಂತು ರೀ, ಎಲ್ಲರಿಗಿಂತ ಮೇಲೆ!

ಲೈನ್‌ಮನ್: (ಪಡಸಾಲೆಯಿಂದ) ಬಾಗಿಲು ಅರ್ಧ ಮುಚ್ಲಾ? ಧೂಳು ಕೂರುತ್ತೆ.

ಟೈಲರಮ್ಮ: ಮುಚ್ಚಿ ನೋಡಿ, ನಿಮ್ಮನ್ನೂ ಅದರೊಳಗೇ ಕೂರಿಸ್ತೀನಿ.

ಐದು ಹೊಡೆಯಿತು. ಪರದೆಯ ಮೇಲೆ ಹನ್ನೊಂದು ಮುಖಗಳು ಒಂದೊಂದಾಗಿ ಮೂಡಿದವು. ಪಾಪ, ಆಗ ನೋಡಬೇಕಿತ್ತು ಟೈಲರಮ್ಮನ ಅವಸ್ಥೆ. ಬೆಳಗ್ಗೆಯಿಂದ ಅರಳು ಹುರಿದಂತೆ ಮಾತಾಡಿದ ಬಾಯಿ ಒಣಗಿಹೋಗಿತ್ತು.

ಟೈಲರಮ್ಮ: ನ... ನಮಸ್ಕಾರ. ಇವತ್ತು ಕಾಲರ್. ಕಾಲರ್ ಅಂದ್ರೆ... ಅಂದ್ರೆ ಕಾಲರ್.

ಹನ್ನೊಂದು ಮುಖಗಳೂ ಕಾದವು. ಅವಳು ಅಳತೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಲೈನ್‌ಮನ್‌ಗೆ ಅದನ್ನು ನೋಡಲಾಗಲಿಲ್ಲ. ವಾರದಿಂದ ಅವಳು ಒಬ್ಬಳೇ ಕನ್ನಡಿಯ ಮುಂದೆ ಪಾಠ ಒಪ್ಪಿಸಿದ್ದನ್ನು ಅವನು ಕದ್ದು ಕೇಳಿದ್ದ. ಅವನು ನೇರ ಕ್ಯಾಮೆರಾದ ಮುಂದೆ ಬಂದು ನಿಂತುಬಿಟ್ಟ.

ಲೈನ್‌ಮನ್: ಏನ್ರೀ ಟೀಚರೇ, ನನ್ನ ಅಂಗಿ ಕಾಲರ್ ಕುತ್ತಿಗೆ ಹಿಸುಕ್ತಾ ಇದೆ. ಇದನ್ನ ಹೊಲಿದವರಿಗೆ ಅಳತೆ ತಗೊಳ್ಳೋಕೆ ಬರಲ್ವಾ?

ಟೈಲರಮ್ಮ: ಅಳತೆ ಬರಲ್ವಾ? ನಂಗಾ? ಬನ್ನಿ ಇಲ್ಲಿ! ನೋಡ್ರಮ್ಮಾ, ಇಂಥ ಗಿರಾಕಿ ಎಲ್ಲಾ ಕಡೆ ಇರ್ತಾರೆ. ಕುತ್ತಿಗೆಗೆ ಟೇಪು ಸುತ್ತಿ, ಒಳಗೆ ಎರಡು ಬೆರಳು ಆಡ್ಬೇಕು. ಉಸಿರು ಬಿಡ್ರೀ! ಗತ್ತಿಗೆ ಗದ್ದ ಎತ್ಕೊಂಡು ನಿಂತ್ರೆ ಆ ಅಳತೆ ನಂಬಲೇಬೇಡಿ. ಕಾಲರ್ ಕೂರೋ ಕುತ್ತಿಗೆ ಪಟ್ಟಿ ಮೊದಲು, ಕಾಲರ್ ಆಮೇಲೆ. ತಿರುಗಿ ರೀ! ಹಿಂದುಗಡೆ ತೋರ್ಸಿ.

ಮುಕ್ಕಾಲು ಗಂಟೆ ಅವನನ್ನು ತಿರುಗಿಸಿದಳು, ಬಗ್ಗಿಸಿದಳು, ಬೈದಳು, ಕಾಲರಿನ ಗುಟ್ಟನ್ನೆಲ್ಲ ಅವನ ಕುತ್ತಿಗೆಯ ಮೇಲೇ ಬಿಡಿಸಿ ತೋರಿಸಿದಳು. ಅಂಗಿ ಅವನಿಗೆ ಹೇಳಿ ಹೊಲಿಸಿದ ಹಾಗೆಯೇ ಕೂತಿತ್ತು ಅನ್ನುವುದು ಅವಳಿಗೆ ಅರ್ಧ ಪಾಠದಲ್ಲೇ ಗೊತ್ತಾಯಿತು. ಗೊತ್ತಾದರೂ ಬೈಯುವುದನ್ನು ನಿಲ್ಲಿಸಲಿಲ್ಲ.

ಒಬ್ಬ ವಿದ್ಯಾರ್ಥಿನಿ: ಮೇಡಂ, ಪಾಠ ಚೆನ್ನಾಗಿ ತಲೆಗೆ ಹೋಯ್ತು, ನಮಗೆಲ್ಲ ಒಪ್ಪಿಗೆ. ನಾಳೆ ತೋಳಿನ ಪಾಠಕ್ಕೂ ಈ ತಂಟೆಕೋರ ಗಿರಾಕಿ ಬರ್ತಾರಾ?

ಟೈಲರಮ್ಮ: ಬರ್ದೆ ಎಲ್ಲಿ ಹೋಗ್ತಾರಮ್ಮಾ? ಮೂವತ್ತೊಂದು ವರ್ಷದ ಹಿಂದೆ ನಾನೇ ಹಾಕ್ಕೊಂಡ ಹೊಲಿಗೆ ಇದು. ಒಂದೊಂದ್ಸಲ ಬಿಚ್ಚಿಬಿಡೋಣ ಅನ್ಸುತ್ತೆ, ದಾರದ ತುದೀನೇ ಸಿಗಲ್ಲ!